ಗೀಸರ್ ಹಾಕಿದರೆ ಬಲ್ಬ್ ಜಾಸ್ತಿ ಉರಿಯುತ್ತಾ? ಮೊದಲು ಮೇನ್ ಆಫ್ ಮಾಡಿ

ನಮ್ಮ ಮನೆ ಆಲ್ದೂರಿನಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ. ಸುತ್ತಮುತ್ತಲಿನ ಅಂಗಡಿಯವರದು, ಸಣ್ಣ ಬೆಳೆಗಾರರದು ಲೆಕ್ಕ ಬರೆಯೋದು ನನ್ನ ಕೆಲಸ. ಕಂಪ್ಯೂಟರ್ ಇಲ್ಲದಿದ್ದರೆ ನನಗೆ ಅನ್ನ ಇಲ್ಲ. ಆ ಕಂಪ್ಯೂಟರನ್ನು ನನ್ನ ಕೈಯಾರೆ ಸುಟ್ಟುಕೊಂಡ ಕಥೆ ಇದು.

ಶುರುವಾಗಿದ್ದು ಫೆಬ್ರವರಿಯಲ್ಲಿ. ಬೆಳಿಗ್ಗೆ ಕೆಲಸಕ್ಕೆ ಕೂತರೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಮಧ್ಯಾಹ್ನ ಏನೂ ಇಲ್ಲ, ರಾತ್ರಿ ಏನೂ ಇಲ್ಲ. ಬೆಳಿಗ್ಗೆ ಮಾತ್ರ. ಇದು ಎಷ್ಟು ದೊಡ್ಡ ಸುಳಿವು ಅಂತ ಈಗ ಗೊತ್ತಾಗುತ್ತೆ. ಆಗ ಸುಮ್ನೆ ಸಿಪಿಯು ಎತ್ತಿಕೊಂಡು ಚಿಕ್ಕಮಗಳೂರಿನ ಒಂದು ಅಂಗಡಿಗೆ ಹೋದೆ. ಎಸ್‌ಎಂಪಿಎಸ್, ಅಂದರೆ ಸಿಪಿಯು ಒಳಗೆ ಕರೆಂಟ್ ಹದ ಮಾಡಿ ಕೊಡೋ ಡಬ್ಬಿ, ಹೋಗಿದೆ ಅಂದರು. ಹಾಕಿಸಿದೆ, 1,800 ರೂಪಾಯಿ. ಮನೆಗೆ ತಂದು ಹಾಕಿದರೆ ಮಾರನೇ ಬೆಳಿಗ್ಗೆ ಮತ್ತೆ ಅದೇ ರಾಗ.

ಎರಡನೇ ಸಲ ಯುಪಿಎಸ್ ಬ್ಯಾಟರಿ ಹೋಗಿದೆ ಅಂದರು. ಅದೂ ಹಾಕಿಸಿದೆ. ಈಗ ಕಂಪ್ಯೂಟರ್ ಆಫ್ ಆಗೋದು ನಿಂತಿತು, ಆದರೆ ಯುಪಿಎಸ್ ಕೂಗೋಕೆ ಶುರು ಮಾಡಿತು. ಮನೆಯಲ್ಲಿ ಕರೆಂಟ್ ಇದೆ, ಫ್ಯಾನ್ ತಿರುಗ್ತಿದೆ, ಇದು ಮಾತ್ರ ಕರೆಂಟ್ ಹೋದ ಹಾಗೆ ಕೀಂ ಕೀಂ ಅಂತಿದೆ. ಕಾಲು ಗಂಟೆ ಕೂಗಿ, ಬ್ಯಾಟರಿ ಮುಗಿದು, ಕಂಪ್ಯೂಟರ್ ಬಂದ್. ಅಂಗಡಿಗೆ ಫೋನ್ ಮಾಡಿದೆ. 'ಬೋರ್ಡ್ ಹೋಗಿದೆ ಸಾರ್, ಹೊಸ ಯುಪಿಎಸ್ ತಗೊಳ್ಳಿ. ಮಲೆನಾಡಿನ ಕರೆಂಟೇ ಹಂಗೆ' ಅಂದರು. ಮನೆಯಲ್ಲಿ ವೋಲ್ಟೇಜ್ ಎಷ್ಟಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ನೋಡಲಿಲ್ಲ ಬಿಡಿ.

ಮಾರ್ಚ್ ಕೊನೆ. ವರ್ಷದ ಲೆಕ್ಕ ಮುಗಿಸಬೇಕು, ತಲೆ ಬಿಸಿ. ಯುಪಿಎಸ್ ಕಿತ್ತು ಪಕ್ಕಕ್ಕಿಟ್ಟು, ಕಂಪ್ಯೂಟರನ್ನು ಸೀದಾ ಸ್ಪೈಕ್ ಗಾರ್ಡ್‌ಗೆ ಹಾಕಿದೆ. ಸ್ಪೈಕ್ ಗಾರ್ಡ್ ಇದೆಯಲ್ಲ, ಅದೇ ಕಾಯುತ್ತೆ ಅಂತ ಧೈರ್ಯ.

ಎರಡು ದಿನ ನಡೆಯಿತು. ಮೂರನೇ ದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಅಂತ ಗೀಸರ್ ಹಾಕಿದರು. ನನ್ನ ತಲೆ ಮೇಲಿನ ಫ್ಯಾನ್ ಹೆಲಿಕಾಪ್ಟರ್ ತರ ತಿರುಗಿತು. 'ಟಪ್' ಅಂತ ಒಂದು ಶಬ್ದ, ಹಿಂದೆಯೇ ಸಿಪಿಯು ಹಿಂಭಾಗದಿಂದ ಹೊಗೆ. ಎಸ್‌ಎಂಪಿಎಸ್, ಮದರ್‌ಬೋರ್ಡ್, ಮಾನಿಟರ್, ಇಂಟರ್‌ನೆಟ್ ರೌಟರಿನ ಅಡಾಪ್ಟರ್, ಟಿವಿಯ ಸೆಟ್‌ಟಾಪ್ ಬಾಕ್ಸ್, ಎಲ್ಲಾ ಒಂದೇ ಏಟಿಗೆ. ಹಾರ್ಡ್ ಡಿಸ್ಕ್ ಕೂಡ ತಿರುಗಲಿಲ್ಲ. ಜನವರಿವರೆಗಿನ ಲೆಕ್ಕ ಪೆನ್ ಡ್ರೈವಿನಲ್ಲಿ ಇತ್ತು. ಉಳಿದ ಎರಡು ತಿಂಗಳದ್ದನ್ನು ಬಿಲ್ಲು ಹುಡುಕಿ ಹುಡುಕಿ ಮತ್ತೆ ಬರೆದೆ. ಅದರ ಬಗ್ಗೆ ಮಾತು ಬೇಡ.

ಆಮೇಲೆ ಸ್ಪೈಕ್ ಗಾರ್ಡ್ ಬಿಚ್ಚಿ ನೋಡಿದೆ. ಒಳಗೆ ಮೂರು ತಗಡಿನ ಪಟ್ಟಿ, ಒಂದು ಕೆಂಪು ದೀಪ. ಅಷ್ಟೇ. ಹೆಸರು ಮಾತ್ರ ಸ್ಪೈಕ್ ಗಾರ್ಡ್, ಕೆಲಸದಲ್ಲಿ ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ಒಳ್ಳೆಯದರಲ್ಲಿ ವೇರಿಸ್ಟರ್ ಅಂತ ಒಂದು ಬಿಲ್ಲೆ ಇರುತ್ತೆ. ಆದರೆ ಅದೂ ಕ್ಷಣಮಾತ್ರದ ಏಟಿಗೆ ಮಾತ್ರ. ನಿಮಿಷಗಟ್ಟಲೆ ಜಾಸ್ತಿ ವೋಲ್ಟೇಜ್ ಬಂದರೆ ಅದೇ ಮೊದಲು ಸುಡೋದು.

ವೈರಿಂಗ್ ಮಾಡಿದ್ದ ಹುಡುಗನನ್ನು ಕರೆಸಿದೆ. ಎರಡು ವರ್ಷದ ಹಿಂದೆ ನಮ್ಮ ಮೀಟರ್ ಬೋರ್ಡ್ ಬದಲಾಯಿಸಿದ್ದು ಅವನೇ. ಐದು ನಿಮಿಷ ನೋಡಿ, 'ನ್ಯೂಟ್ರಲ್ ಸರಿಯಾಗಿ ಬರ್ತಿಲ್ಲ ಅಣ್ಣ. ಅದರ ಬದಲು ಅರ್ಥಿಂಗ್ ಕೊಟ್ಟುಬಿಡ್ತೀನಿ, ಎಲ್ಲಾ ಸರಿಹೋಗುತ್ತೆ' ಅಂದ. ನ್ಯೂಟ್ರಲ್ ಅಂದರೆ ಫೇಸ್ ತಂತಿಯಲ್ಲಿ ಬಂದ ಕರೆಂಟ್ ವಾಪಸ್ ಹೋಗೋ ತಂತಿ. ಅರ್ಥ್ ಅಂದರೆ ಶಾಕ್ ಹೊಡೆಯದಿರಲಿ ಅಂತ ಉಪಕರಣಗಳ ತಗಡನ್ನು ನೆಲಕ್ಕೆ ಸೇರಿಸೋ ತಂತಿ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಕಾಫಿ ಕೊಟ್ಟು ಕಳಿಸಿಬಿಡಿ. ಹಾಗೆ ಮಾಡಿದರೆ ಮನೆಯ ಕರೆಂಟೆಲ್ಲ ಅರ್ಥ್ ವೈರಿನಲ್ಲಿ ಹರಿಯುತ್ತೆ. ಆ ವೈರ್ ಎಲ್ಲಾದರೂ ತುಂಡಾದರೆ ಫ್ರಿಜ್ಜು, ಮಿಕ್ಸಿ, ಗೀಸರ್, ಕಂಪ್ಯೂಟರಿನ ತಗಡು, ಎಲ್ಲಾ ಶಾಕ್ ಹೊಡೆಯುತ್ತವೆ. ಪುಣ್ಯಕ್ಕೆ ನನಗೆ ಅವತ್ತು ಯಾಕೋ ಅನುಮಾನ ಬಂತು, ಬೇಡ ಅಂದೆ.

ಕೊನೆಗೆ ಬಂದಿದ್ದು ನಮ್ಮೂರಿನ ಒಬ್ಬ ಮೇಷ್ಟ್ರು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಪಾಠ ಮಾಡಿ ನಿವೃತ್ತರಾದವರು. ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಅಡುಗೆ ಮನೆ ಬಾಗಿಲಲ್ಲಿ ನಿಂತು ಅಮ್ಮನನ್ನು ಕೇಳಿದರು: 'ಅಮ್ಮಾ, ಗೀಸರ್ ಹಾಕಿದಾಗ ದೇವರ ಮನೆ ಬಲ್ಬ್ ಏನಾಗುತ್ತೆ?'

'ಜಾಸ್ತಿ ಬೆಳಗುತ್ತೆ ಮೇಷ್ಟ್ರೇ. ಆದರೆ ನೀರು ಮಾತ್ರ ಮೊದಲಿನ ಹಾಗೆ ಕಾಯ್ತಿಲ್ಲ. ಒಂದು ತಿಂಗಳಿಂದ ಹೇಳ್ತಿದ್ದೀನಿ, ಇವನು ಕೇಳ್ಬೇಕಲ್ಲ.'

ಮೇಷ್ಟ್ರು ನನ್ನ ಮುಖ ನೋಡಿ ನಕ್ಕರು. ಉತ್ತರ ಪೂರ್ತಿ ಅಮ್ಮನ ಆ ಎರಡು ಮಾತಿನಲ್ಲೇ ಇತ್ತು.

ನಮ್ಮದು ತ್ರೀ ಫೇಸ್ ಮನೆ, ಅಂದರೆ ಕರೆಂಟ್ ತರೋ ತಂತಿ ಮೂರು. ಅಪ್ಪ ಒಂದು ಕಾಲದಲ್ಲಿ ಹಿಟ್ಟಿನ ಗಿರಣಿ ಇಡಬೇಕು ಅಂತ ತೆಗೆಸಿದ್ದರು. ಗಿರಣಿ ಬರಲಿಲ್ಲ, ತ್ರೀ ಫೇಸ್ ಉಳಿಯಿತು. ಗೀಸರ್ ಒಂದು ಫೇಸಿನಲ್ಲಿ, ಕಂಪ್ಯೂಟರ್ ಕೋಣೆ ಮತ್ತು ದೇವರ ಮನೆ ಇನ್ನೊಂದರಲ್ಲಿ. ಮೂರಕ್ಕೂ ನ್ಯೂಟ್ರಲ್ ಒಂದೇ. ಮೇಷ್ಟ್ರು ಹೇಳಿದ್ದು ಹೀಗೆ: 'ಮೂರು ದನ ಒಂದೇ ಗೂಟಕ್ಕೆ ಕಟ್ಟಿದ್ದೀಯ. ಗೂಟ ಸಡಿಲ ಆದರೆ ಬಲ ಜಾಸ್ತಿ ಇರೋ ದನ ಅದನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ಉಳಿದ ಎರಡರ ಹಗ್ಗ ಬಿಗಿಯುತ್ತೆ.' ಇಲ್ಲಿ ಬಲವಾದ ದನ 2,000 ವ್ಯಾಟಿನ ಗೀಸರ್. ಅದರ ಪಾಲಿನ ವೋಲ್ಟೇಜ್ ಇಳಿಯಿತು, ನೀರು ಕಾಯಲಿಲ್ಲ. ನನ್ನ ಕೋಣೆಯದು ಏರಿತು. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್ ಇರಬೇಕು, ಎರಡು ಫೇಸಿನ ನಡುವೆ ಸುಮಾರು 400 ಇರುತ್ತೆ. ನ್ಯೂಟ್ರಲ್ ಪೂರ್ತಿ ಬಿಟ್ಟುಹೋದರೆ ಸಣ್ಣ ಲೋಡಿನ ಕಡೆ ಆ 400ರ ಹತ್ತಿರಕ್ಕೇ ಹೋಗುತ್ತೆ.

ಅವರು ಎಲ್ಲಾ ಪ್ಲಗ್ ಕಿತ್ತು, ದೀಪ ಆರಿಸಿ, ಗೀಸರ್ ಮಾತ್ರ ಹಾಕಿಸಿ ನನ್ನ ಕೋಣೆಯ ಸಾಕೆಟ್ಟಿಗೆ ವೋಲ್ಟೇಜ್ ಅಳೆಯೋ ಮೀಟರ್ ಇಟ್ಟರು. 390 ದಾಟಿತ್ತು. ಎಸ್‌ಎಂಪಿಎಸ್ ಒಳಗೆ ಕರೆಂಟ್ ತುಂಬಿಟ್ಟುಕೊಳ್ಳೋ ದೊಡ್ಡ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 400 ಇಲ್ಲವೇ 450 ವೋಲ್ಟ್ ಅಂತ ಬರೆದಿರುತ್ತೆ. ಸಾಕಲ್ಲ, 390ಕ್ಕಿಂತ ಜಾಸ್ತೀನೇ ಇದೆ ಅಂದೆ. ಇಲ್ಲ. ಮೀಟರ್ ತೋರಿಸೋ ವೋಲ್ಟೇಜಿಗಿಂತ ಅದರ ತುದಿ ಸುಮಾರು 1.4 ಪಟ್ಟು ಜಾಸ್ತಿ, ಕೆಪಾಸಿಟರ್ ತುಂಬೋದು ಆ ತುದಿಯವರೆಗೆ. 230 ಒಳಗೆ ಬಂದರೇ ಕೆಪಾಸಿಟರ್ ಮೇಲೆ 325 ಕೂರುತ್ತೆ. 390 ಬಂದರೆ 550. ಸಿಡಿಯದೇ ಇನ್ನೇನು ಮಾಡುತ್ತೆ?

ಆಮೇಲೆ ಮೇನ್ ಆಫ್ ಮಾಡಿ ಮೀಟರ್ ಬೋರ್ಡ್ ಬಿಚ್ಚಿದರು. ನ್ಯೂಟ್ರಲ್ ತಂತಿಗಳು ಬಂದು ಸೇರೋ ಲಿಂಕ್ ಇದ್ದಿಲಾಗಿತ್ತು. ಅಲ್ಯೂಮಿನಿಯಂ ವೈರಿನ ತುದಿಗೆ ಲಗ್ (ಒತ್ತಿ ಕೂರಿಸೋ ಲೋಹದ ಟೋಪಿ) ಹಾಕದೆ ಸೀದಾ ಹಿತ್ತಾಳೆ ಸ್ಕ್ರೂ ಕೆಳಗೆ ತುರುಕಿದ್ದ ಹುಡುಗ. ಬಿಸಿ ಆಗುತ್ತಾ ತಣ್ಣಗಾಗುತ್ತಾ ಅಲ್ಯೂಮಿನಿಯಂ ಸಡಿಲವಾಗುತ್ತೆ, ಮೇಲೆ ಬಿಳಿ ಪುಡಿ ಕೂರುತ್ತೆ, ಮತ್ತೆ ಬಿಸಿ ಜಾಸ್ತಿ. ಎರಡು ವರ್ಷ ಹೀಗೇ ನಡೆದಿದೆ. ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನೇ ಬೀಳೋ ಸ್ವಿಚ್, ಯಾಕೆ ಬೀಳಲಿಲ್ಲ ಅಂತ ಕೇಳಿದೆ. ಅದು ನೋಡೋದು ಎಷ್ಟು ಆಂಪಿಯರ್ ಹರಿಯುತ್ತೆ ಅಂತ ಮಾತ್ರ, ವೋಲ್ಟೇಜ್ ಅದಕ್ಕೆ ಸಂಬಂಧವೇ ಇಲ್ಲ ಅಂದರು. ಹೊಸ ಲಿಂಕ್, ಲಗ್ ಎಲ್ಲಾ ಸೇರಿ ಖರ್ಚು 300 ರೂಪಾಯಿಯೂ ಆಗಲಿಲ್ಲ.

ನನಗೆ ಹೊಟ್ಟೆ ಉರಿದಿದ್ದು ಯುಪಿಎಸ್ ವಿಷಯಕ್ಕೆ. ಅದು ಕೆಟ್ಟೇ ಇರಲಿಲ್ಲ. ಹೆಚ್ಚಿನ ಸಣ್ಣ ಯುಪಿಎಸ್‌ಗಳು 280, 290 ವೋಲ್ಟ್ ದಾಟಿದರೆ ಮೇನ್ಸ್ ಬಿಟ್ಟು ಬ್ಯಾಟರಿಗೆ ಹೋಗುತ್ತವೆ. ದಿನಾ ಬೆಳಿಗ್ಗೆ ಅದು ನನ್ನ ಕಂಪ್ಯೂಟರ್ ಉಳಿಸುತ್ತಾ, ಕೂಗಿ ಕೂಗಿ ಹೇಳುತ್ತಾ ಇತ್ತು. ನಾನು ಅದರ ಬಾಯಿ ಮುಚ್ಚಿಸಿದೆ. ಕರೆಂಟ್ ಇರುವಾಗಲೇ ನಿಮ್ಮ ಯುಪಿಎಸ್ ಕೂಗಿದರೆ ದಯವಿಟ್ಟು ಬೈಯಬೇಡಿ. ಮೊದಲು ವೋಲ್ಟೇಜ್ ನೋಡಿಸಿ.

ಸಿಂಗಲ್ ಫೇಸ್ ಮನೆಯವರು ನಮಗೇನಿಲ್ಲ ಅಂದುಕೊಳ್ಳಬೇಡಿ. ನ್ಯೂಟ್ರಲ್ ನಿಮ್ಮ ಮನೆಯೊಳಗೆ ಸಡಿಲ ಆದರೆ ದೀಪ ಮಿಣಕ್ ಮಿಣಕ್ ಅನ್ನುತ್ತೆ. ಪೂರ್ತಿ ಬಿಟ್ಟರೆ ಏನೂ ನಡೆಯಲ್ಲ, ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಉರಿಯುತ್ತೆ. ಆದರೆ ಹೊರಗೆ ಲೈನಿನಲ್ಲೇ ನ್ಯೂಟ್ರಲ್ ತುಂಡಾದರೆ, ನಮ್ಮ ಕಡೆ ಗಾಳಿ ಮಳೆಗೆ ಸಿಲ್ವರ್ ಮರದ ಕೊಂಬೆ ಬಿದ್ದು ಇದು ಆಗುತ್ತಲೇ ಇರುತ್ತೆ, ಒಂದು ಮನೆಯ ದೀಪ ಕಣ್ಣು ಕುಕ್ಕುತ್ತೆ, ಪಕ್ಕದ ಮನೆಯದು ಮಂಕಾಗುತ್ತೆ. ಆಗ ಮೇನ್ ಸ್ವಿಚ್ ಆಫ್ ಮಾಡಿ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಪ್ಲಗ್ ಕೀಳುತ್ತಾ ಕೂರಬೇಡಿ. ಎಲ್‌ಇಡಿ ಬಲ್ಬ್ ನೋಡಿ ತಿಳಿಯೋದು ಕಷ್ಟ, ಅವು ವೋಲ್ಟೇಜ್ ಏರಿದರೂ ಸಾಮಾನ್ಯವಾಗಿ ಒಂದೇ ತರ ಉರಿಯುತ್ತವೆ. ತಂತಿ ಇರೋ ಹಳೇ ಝೀರೋ ಬಲ್ಬ್, ಇಲ್ಲಾ ಹಳೇ ತರದ ಫ್ಯಾನಿನ ವೇಗ, ಇವು ಸುಳ್ಳು ಹೇಳಲ್ಲ.

ಮೇಷ್ಟ್ರ ಮಾತಿನಂತೆ ಈಗ ಮೇನ್ ಹತ್ತಿರ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿದ್ದೇನೆ. ವೋಲ್ಟೇಜ್ ಅಂಕಿಯಲ್ಲೇ ಕಾಣುತ್ತೆ, 270 ದಾಟಿದರೆ ತಾನೇ ಕಡಿಯುತ್ತೆ. ಇವತ್ತು ಬೆಳಿಗ್ಗೆ ಗೀಸರ್ ಹಾಕಿದಾಗ 228 ಇತ್ತು.

ಇನ್ನೊಂದು ಬಾಕಿ ಇದೆ. ಸಿಪಿಯು ಮುಟ್ಟಿದರೆ ಬೆರಳು ಜುಂ ಅಂತಿತ್ತು, ಚಪ್ಪಲಿ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಅದು ಅರ್ಥಿಂಗ್ ಇಲ್ಲ ಅನ್ನೋದರ ಗುರುತು. ಮೇಷ್ಟ್ರು ಮನೆ ಹಿಂದೆ ಹೋಗಿ ನೋಡಿದರೆ ಅರ್ಥ್ ವೈರ್ ತುಕ್ಕು ಹಿಡಿದು ಪೈಪಿನಿಂದ ಬಿಟ್ಟೇಹೋಗಿತ್ತು. ಹೊಸ ಅರ್ಥಿಂಗ್ ಗುಂಡಿಗೆ ಎರಡೂವರೆ ಮೀಟರ್ ಜಿಐ ಪೈಪ್ ತಂದಾಯಿತು, ಇದ್ದಿಲು ಒಂದು ಮೂಟೆ ಇದೆ, ಉಪ್ಪು ತರಬೇಕು. ಶನಿವಾರ ಆಳು ಬರ್ತೀನಿ ಅಂದಿದ್ದಾನೆ. ಅಲ್ಲಿವರೆಗೆ ಹೊಸ ಕಂಪ್ಯೂಟರ್ ಡಬ್ಬದಲ್ಲೇ ಇರಲಿ ಅಂತ ಅಮ್ಮ ಹೇಳಿದ್ದಾರೆ. ಈ ಸಲ ಕೇಳ್ತಿದ್ದೀನಿ.