ಲಾರಿ ಇಂಜಿನ್ ಬದಲಿಸೋದಾ, ಬೋರ್ ಮಾಡಿಸೋದಾ? ದಾವಣಗೆರೆಯ ಒಂದು ಬೋರಿಂಗ್ ಶಾಪ್ ಬಗ್ಗೆ

ನಿಮ್ಮದು ಹಳೇ ಟಾಟಾ 1613 ಲಾರಿಯೇ? ಒಳಗಿರೋದು ಕಮಿನ್ಸ್ 6ಬಿಟಿ ಇಂಜಿನ್ನೇ? ಹಾಗಿದ್ದರೆ ಹೊಗೆ ಜಾಸ್ತಿಯಾಯಿತು ಅಂತ ಹೆದರಿ ಇಂಜಿನ್ ಬದಲಿಸಲು ಓಡಬೇಡಿ. ಮೊದಲು ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ತೂತುಗಳಿರೋ ಇಂಜಿನ್ನಿನ ಕಬ್ಬಿಣದ ಮೈ, ಅಳೆಸಿ ನೋಡಿ. ಆ ತೂತಿಗೇ ಬೋರ್ ಅನ್ನೋದು, ಸವೆದಿದ್ದರೆ ಕೊರೆಸಿ ಸರಿ ಮಾಡಿಸಬಹುದು. ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಒಂದು ಬೋರಿಂಗ್ ಶಾಪ್ ಇದೆ. ನಡೆಸುವವರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ಹೆಸರು ಹಾಕಬೇಡಮ್ಮ, ಇರೋ ಕೆಲಸಕ್ಕೇ ಕೈ ಸಾಲ್ತಿಲ್ಲ ಅಂತ ಅವರೇ ಹೇಳಿದ್ದಾರೆ. ಆದರೆ ಊರಿನ ಯಾವ ಲಾರಿ ಮೇಸ್ತ್ರಿಯನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಲಾರಿ ಓಡಿಸೋದು ನಮ್ಮನೆಯವರು, ಲೆಕ್ಕ ಇಡೋದು ನಾನು. ಇಲ್ಲಿಂದ ನಾಮಕ್ಕಲ್‌ನ ಕೋಳಿ ಫೀಡ್ ಮಿಲ್ಲುಗಳಿಗೆ ಮೆಕ್ಕೆಜೋಳ ಹೋಗುತ್ತದೆ. ವಾಪಸ್ ಬರುವಾಗ ಸೇಲಂನಲ್ಲಿ ಸಾಬಕ್ಕಿ ಲೋಡ್ ಸಿಕ್ಕರೆ ಅದನ್ನೇ ತರುತ್ತೇವೆ. ಆ ಲೋಡ್ ಹಾಕಿಕೊಂಡು ತೊಪ್ಪೂರು ಘಾಟಿ ಹತ್ತಬೇಕು. ಗಾಡಿ ಕೈಕೊಟ್ಟಿದ್ದು ಮೊದಲು ಅಲ್ಲೇ. ಪಿಕಪ್ ಇಲ್ಲ, ಹಿಂದೆ ನೀಲಿ ಹೊಗೆ, ಆಯಿಲ್ ಡಬ್ಬದ ಮೇಲೆ ಡಬ್ಬ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬರುತ್ತಿತ್ತು. ಮೇಸ್ತ್ರಿಗಳು ಇದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಪಿಸ್ಟನ್ ರಿಂಗು ಹಿಡಿಯದೆ ಮೇಲಿನ ಗ್ಯಾಸ್ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ರಿಂಗ್ ಮತ್ತು ಮೆಟಲ್ (ಬೇರಿಂಗ್) ಹಾಕಿ ಕೊಡ್ತೀವಿ, ಬೇಗ ಮುಗಿಯುತ್ತೆ ಅಂತ ಒಂದು ಗ್ಯಾರೇಜಿನವರು ಅಂದರು. ನಾಮಕ್ಕಲ್ ಕಡೆಯ ಬ್ರೋಕರ್ ಒಬ್ಬ ರನ್ನಿಂಗ್ ಕಂಡೀಷನ್‌ನ ಹಳೇ ಇಂಜಿನ್ ಇದೆ, ಇಳಿಸಿ ಕೂರಿಸಿದರೆ ಆಯ್ತು ಅಂದ. ಕಂಪನಿಯ ರೀಕಂಡೀಷನ್ ಇಂಜಿನ್ ತಗೊಳ್ಳಿ ಅಂದವರೂ ಇದ್ದರು. ನನ್ನ ತಮ್ಮನಂತೂ ಲಾರಿ ಕೊಟ್ಟು ಬಿಎಸ್ 6 ಗಾಡಿ ತಗೊಳ್ಳಿ ಅಂತ ಹಟ ಹಿಡಿದಿದ್ದ. ಒಬ್ಬರೂ ಇಂಜಿನ್ ಬಿಚ್ಚಿ ನೋಡಿರಲಿಲ್ಲ, ಅಲ್ವಾ?

ಇಂಜಿನ್ ಇಳಿಸಿದ್ದು ನಮ್ಮ ಮೇಸ್ತ್ರಿ. ಬ್ಲಾಕ್, ಅದರ ಮೇಲೆ ಕೂರುವ ಹೆಡ್, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಎಲ್ಲ ಚಾಚಾನ ಶಾಪಿಗೆ ಹೋಯಿತು. ಅವರು ಮೊದಲು ಬ್ಲಾಕ್ ಮುಟ್ಟಲೇ ಇಲ್ಲ. "ಏರ್ ಫಿಲ್ಟರಿಂದ ಟರ್ಬೊಗೆ ಹೋಗೋ ಪೈಪ್ ಎಲ್ಲೈತಿ? ಅದನ್ನೂ ತರ್ರಿ" ಅಂದರು. ತಂದ ಮೇಲೆ ಪೈಪಿನ ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ವಿಭೂತಿ ಹಚ್ಚಿದ ಹಾಗೆ ಬೆರಳ ತುಂಬ ನುಣ್ಣನೆ ಧೂಳು. ಫಿಲ್ಟರ್ ಆಚೆಗಿನ ಪೈಪಿನಲ್ಲಿ ಧೂಳು ಇರಲೇಬಾರದು. ರಬ್ಬರ್ ಹೋಸು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಕ್ಲಿಪ್ ಬಿಚ್ಚದೆ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಜೋಳದ ಅಂಗಳದ ಧೂಳು, ರಸ್ತೆ ಕೆಲಸದ ಧೂಳು ಎಲ್ಲ ಫಿಲ್ಟರ್ ತಪ್ಪಿಸಿಕೊಂಡು ನೇರ ಇಂಜಿನ್ನಿಗೆ ಹೋಗಿದೆ. ಟರ್ಬೊದ ಗಾಳಿ ಎಳೆಯುವ ಚಕ್ರದ ಅಂಚುಗಳೂ ಸವೆದಿದ್ದವು.

"ಇದನ್ನ ಬಿಟ್ಟು ಹೊಸ ಇಂಜಿನ್ನೇ ಕೂರಿಸಿದ್ರೂ ಅಷ್ಟೇ ಅಮ್ಮಾ, ಅದನ್ನೂ ತಿಂದು ಹಾಕುತ್ತೆ" ಅಂದರು ಚಾಚಾ. ಈ ಶಾಪಿನ ಮೇಲೆ ನನಗೆ ನಂಬಿಕೆ ಬಂದಿದ್ದು ಈ ಮಾತಿನಿಂದ.

ಆಮೇಲೆ ಡಯಲ್ ಗೇಜ್ ಹಿಡಿದು ಆರೂ ಬೋರ್ ಅಳೆದರು. ಮೇಲೆ, ನಡುವೆ, ಕೆಳಗೆ. ಪ್ರತಿ ಕಡೆ ಎರಡು ದಿಕ್ಕಿನಲ್ಲಿ. ಬಂದ ಅಳತೆಯನ್ನು ಆಯಾ ಬೋರಿನ ಪಕ್ಕ ಚಾಕ್‌ಪೀಸಿನಲ್ಲಿ ಬರೆದರು. ಈ ಇಂಜಿನ್ನಿನ ಹೊಸ ಬೋರ್ 102 ಮಿಲಿಮೀಟರ್. ನಮ್ಮದು ಕೆಳಗೆ ಹೆಚ್ಚುಕಡಿಮೆ ಹಾಗೇ ಇತ್ತು. ಮೇಲೆ, ರಿಂಗು ಬಂದು ವಾಪಸ್ ಕೆಳಗಿಳಿಯುವ ಜಾಗದಲ್ಲಿ, ಅತಿ ಸವೆದ ಬೋರ್ 102.2 ದಾಟಿತ್ತು. ಅಲ್ಲಿ ಉಗುರು ಆಡಿಸಿದರೆ ಅಂಚು ತಗಲುತ್ತಿತ್ತು. ಆಯಿಲ್ ಹಿಡಿದಿಡಲು ಬೋರಿನ ಗೋಡೆಗೆ ಕಲ್ಲಿನಿಂದ ಹಾಕಿರುವ ಸಣ್ಣ ಹೋನಿಂಗ್ ಗೆರೆ ಒಂದೂ ಉಳಿದಿಲ್ಲ, ಗೋಡೆ ಕನ್ನಡಿಯಾಗಿದೆ. ಬರೀ ರಿಂಗ್ ಹಾಕಿದರೆ ಏನಾಗುತ್ತದೆ ಅಂತ ಆಗ ತಿಳಿಯಿತು. ಮೇಲೆ ಅಗಲ, ಕೆಳಗೆ ಕಿರಿದಾದ ಬೋರಿನಲ್ಲಿ ಯಾವ ಹೊಸ ರಿಂಗೂ ಸರಿಯಾಗಿ ಕೂರಲ್ಲ. ಸ್ವಲ್ಪ ದಿನ ಓಡಿ ಮತ್ತೆ ಅದೇ ಹೊಗೆ, ಮತ್ತೆ ಇಂಜಿನ್ ಇಳಿಸೋ ಖರ್ಚು.

ತುಂಬ ಲಾರಿ ಇಂಜಿನ್ನುಗಳಲ್ಲಿ ಬೋರಿನೊಳಗೆ ಲೈನರ್ ಅನ್ನುವ ಬೇರೆ ಕೊಳವೆ ಇರುತ್ತದೆ, ಹೊಡೆದು ತೆಗೆದು ಹೊಸದು ಹಾಕಬಹುದು. 5.9 ಲೀಟರಿನ ಈ ಕಮಿನ್ಸ್‌ಗೆ ಲೈನರ್ ಇಲ್ಲ. ಬ್ಲಾಕಿನ ಕಬ್ಬಿಣದಲ್ಲೇ ಬೋರ್. ಹಾಗಂತ ಸವೆದರೆ ಗುಜರಿಗೆ ಅಂತಲ್ಲ. ಮೊದಲ ಸಲ 0.5 ಮಿಲಿಮೀಟರ್ ದೊಡ್ಡದು ಮಾಡಿ ಅದಕ್ಕೆ ತಕ್ಕ ಪಿಸ್ಟನ್ ಹಾಕಬಹುದು. ಮುಂದೆ ಬೇಕಾದರೆ 1 ಮಿಲಿಮೀಟರ್. ಅದೂ ಮುಗಿದರೆ ಬೋರ್ ಕೊರೆದು ಒಳಗೆ ಸ್ಲೀವ್ ಅನ್ನುವ ಕೊಳವೆ ಕೂರಿಸುವ ದಾರಿ ಇದೆ. ನಮ್ಮ ಬ್ಲಾಕಿಗೆ ಇದು ಮೊದಲನೇ ಬೋರ್. ಕ್ರ್ಯಾಂಕ್ ಕೂಡ ಸ್ಟ್ಯಾಂಡರ್ಡ್ ಸೈಜಿನಲ್ಲೇ ಇತ್ತು, 0.25 ಮಿಲಿಮೀಟರ್ ಗ್ರೈಂಡ್ ಮಾಡಿದರೆ ಸಾಕಿತ್ತು. ಹೆಡ್ಡಿಗೆ ಪ್ರೆಷರ್ ಹಾಕಿ ನೋಡಿದರು, ಬಿರುಕಿಲ್ಲ. ಇಷ್ಟು ಜೀವ ಉಳಿದಿರುವ ಇಂಜಿನ್ನನ್ನು ಬದಲಿಸೋದು ಸುಮ್ನೆ ದುಡ್ಡು ಸುರಿದ ಹಾಗೆ. ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಕೊನೇ ಸೈಜಿಗೆ ಬಂದಿದ್ದರೆ ರೀಕಂಡೀಷನ್ ಇಂಜಿನ್ನಿಗೇ ಹೋಗುತ್ತಿದ್ದೆವು.

ಹಳೇ ಇಂಜಿನ್ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣ ಕಾಗದಪತ್ರ. ಇಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ನಂಬರ್ ಸೇರಿಸಬೇಕು. ಇನ್ಶೂರೆನ್ಸ್‌ನವರಿಗೆ ತಿಳಿಸಬೇಕು. ಸಾಲ ಇದ್ದರೆ ಫೈನಾನ್ಸಿನವರ ಒಪ್ಪಿಗೆಯೂ ಬೇಕು. ಬ್ರೋಕರ್ ಹತ್ತಿರ ಸರಿಯಾದ ಬಿಲ್ಲೇ ಇರಲಿಲ್ಲ. ಎಲ್ಲಿಯ ಗಾಡಿಯ ಇಂಜಿನ್ನೋ ಏನೋ. ಅಪಘಾತವಾದಾಗ ಆರ್‌ಸಿಯಲ್ಲಿ ಒಂದು ನಂಬರ್, ಬ್ಲಾಕಿನಲ್ಲಿ ಇನ್ನೊಂದು ಇದ್ದರೆ ಕ್ಲೇಮಿಗೆ ಯಾರು ಉತ್ತರ ಕೊಡಬೇಕು? ನಮ್ಮ ಬ್ಲಾಕ್ ನಮ್ಮದೇ ಆದ್ದರಿಂದ ಈ ತಲೆನೋವು ಬರಲಿಲ್ಲ.

ಚಾಚಾನ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದಿದೆ. ಪಿಸ್ಟನ್ ಕೈಗೆ ಬರುವ ತನಕ ಅವರು ಬೋರಿಂಗ್ ಮಷಿನ್ ಶುರು ಮಾಡಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಿಂದ ಪಿಸ್ಟನ್ ಕಿಟ್ ತರಿಸಿದೆವು. ಪ್ರತಿ ಪಿಸ್ಟನ್ ಅಳೆದು, ಅದಕ್ಕೇ ಒಂದು ಬೋರ್ ಹೊಂದಿಸಿ, ಎರಡಕ್ಕೂ ಒಂದೇ ನಂಬರ್ ಹಾಕಿದರು. ಕೆಲಸ ಮುಗಿದ ಮೇಲೆ ಬಿಸಿ ಸೋಪಿನ ನೀರಿನಲ್ಲಿ ಬೋರ್ ತಿಕ್ಕಿ, ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದರು. ಬಟ್ಟೆ ಕಪ್ಪಾಯಿತು. ಮತ್ತೆ ತೊಳೆಸಿದರು. ಬಟ್ಟೆ ಬಿಳಿಯಾಗಿಯೇ ಬರುವ ತನಕ ಹುಡುಗರನ್ನು ಬಿಡಲಿಲ್ಲ. ಹೋನಿಂಗ್ ಕಲ್ಲಿನ ಪುಡಿ ಉಳಿದರೆ ಅದೂ ಧೂಳಿನ ಕೆಲಸವನ್ನೇ ಮಾಡುತ್ತದಂತೆ. ಆಯಿಲ್ ಕೂಲರ್ ಕೂಡ ಬಿಚ್ಚಿಸಿ ತೊಳೆಸಿದರು. ಹಳೇ ಕಸ ಅಲ್ಲೇ ಕೂತಿರುತ್ತದೆ, ಹೊಸ ಮೆಟಲ್ಲಿಗೆ ಬಂದು ಗೀರುತ್ತದೆ.

ಕೊರತೆ ಇಲ್ಲವೆಂದಲ್ಲ. ಹೇಳಿದ ದಿನಕ್ಕೆ ಕೆಲಸ ಸಿಗಲಿಲ್ಲ. ಗಾಡಿ ನಿಂತಷ್ಟು ದಿನ ಕಂತು ನಿಲ್ಲಲ್ಲ, ಅದು ನಮ್ಮಂಥವರಿಗೆ ದೊಡ್ಡ ಹೊರೆ. ಫೋನ್ ಎತ್ತಲ್ಲ, ಹೋಗಿಯೇ ಕೇಳಬೇಕು. ಹೆಂಗಸರು ಹೋದರೆ ಕೂರಲು ಜಾಗವೂ ಇಲ್ಲ. ಡೀಸೆಲ್ ಪಂಪ್, ನಾಝಲ್ ಕೆಲಸ ಅಲ್ಲಿ ಮಾಡಲ್ಲ, ಬೇರೆ ಕಡೆ ಕೊಡಬೇಕು.

ಪಾರ್ಟ್ಸು, ಮಷಿನ್ ಕೆಲಸ, ಟರ್ಬೊ ರಿಪೇರಿ, ಮೇಸ್ತ್ರಿ ಕೂಲಿ ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಆಯಿತು. ಹೊಸ ಹೋಸ್, ಹೊಸ ಕ್ಲಿಪ್ ಅದರಲ್ಲೇ. ಈಗ ಸಾಬಕ್ಕಿ ಲೋಡಿನಲ್ಲಿ ತೊಪ್ಪೂರು ಹತ್ತುವಾಗ ಹೊಗೆ ಇಲ್ಲ, ಎರಡು ಸರ್ವಿಸ್ ನಡುವೆ ಆಯಿಲ್ ಹಾಕೋದು ತಪ್ಪಿದೆ. ಶುರುವಿನಲ್ಲಿ ಓಡಿಸಿದ ಮೇಲೆ ನಮ್ಮ ಮೇಸ್ತ್ರಿ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಮತ್ತೆ ಚೆಕ್ ಮಾಡಿದರು, ತಣ್ಣಗಿರುವಾಗ ಇನ್‌ಟೇಕ್ 0.25, ಎಕ್ಸಾಸ್ಟ್ 0.51 ಮಿಲಿಮೀಟರ್. ಮೊದಲ ಆಯಿಲನ್ನೂ ಬೇಗ ಬದಲಿಸಿದೆವು. ಬೋರ್ ಆದ ಮೇಲೆ ಗಂಟೆಗಟ್ಟಲೆ ಸುಮ್ನೆ ಐಡ್ಲಿಂಗ್‌ನಲ್ಲಿ ಬಿಡಬೇಡಿ, ರಿಂಗು ಕೂರಲು ಹದವಾದ ಲೋಡ್ ಬೇಕು ಅಂತ ಚಾಚಾ ಒತ್ತಿ ಹೇಳಿದ್ದರು.

ಹೋಗುವವರು ಮೆಕ್ಕೆಜೋಳ ಮಾರ್ಕೆಟ್ಟಿಗೆ ಬರುವ ಮುಂಚೆಯೇ, ಸೆಪ್ಟೆಂಬರ್ ಒಳಗೆ ಹೋಗಿ. ಆಮೇಲೆ ಎಲ್ಲ ಲಾರಿಯವರಿಗೂ ಒಟ್ಟಿಗೇ ಅವಸರ, ಶಾಪಿನ ಮುಂದೆ ಬ್ಲಾಕ್ ಇಡಲೂ ಜಾಗ ಸಿಗಲ್ಲ. ಏರ್ ಪೈಪ್ ಮರೆಯದೆ ತಗೊಂಡು ಹೋಗಿ, ಅವರು ಮೊದಲು ಕೇಳೋದೇ ಅದನ್ನ.