ಸ್ಲರ್ಮ್ ಕಮಾಂಡ್‌ಗಳೊಂದಿಗೆ ಆರು ವರ್ಷ: ಹೇಳಿದ ಮಾತು ಕೇಳುತ್ತದೆ, ಬರೆದಿಟ್ಟುಕೊಳ್ಳುವುದಿಲ್ಲ

ನಮ್ಮ ಪ್ರಯೋಗಾಲಯದ ಕ್ಲಸ್ಟರ್, ಅಂದರೆ ಒಟ್ಟಿಗೆ ದುಡಿಯುವ ಹದಿನಾರು ಕಂಪ್ಯೂಟರ್‌ಗಳ (ನೋಡ್‌ಗಳ) ಗುಂಪು, ನನ್ನ ಕೊರಳಿಗೆ ಬಿದ್ದು ಆರು ವರ್ಷವಾಯಿತು. ಯಾರ ಜಾಬ್ (ಓಡಿಸಲು ಕೊಟ್ಟ ಲೆಕ್ಕಾಚಾರದ ಕೆಲಸ) ಯಾವಾಗ, ಯಾವ ನೋಡ್‌ನಲ್ಲಿ ಓಡಬೇಕು ಎಂದು ತೀರ್ಮಾನಿಸುವುದು ಸ್ಲರ್ಮ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಲ್ಲೂ ಸರದಿ ನೋಡಿಕೊಳ್ಳುವುದು ಇದೇ. ಜಾಬ್‌ಗಳನ್ನು ಅದು ಎಷ್ಟು ಜಾಣತನದಿಂದ ಹಂಚುತ್ತದೆ ಎಂದು ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯುತ್ತಿರುವುದು ಅದರ ಸೆಟ್ಟಿಂಗ್‌ಗಳನ್ನು ಕಮಾಂಡ್ ಲೈನ್‌ನಿಂದ ನಿಭಾಯಿಸುವ ಅನುಭವದ ಬಗ್ಗೆ ಮಾತ್ರ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ‘ಎಸ್‌ಕಂಟ್ರೋಲ್ ಶೋ ಕಾನ್ಫಿಗ್’ ಎಂದು ಹೊಡೆದರೆ ಆ ಕ್ಷಣದಲ್ಲಿ ಯಾವ ಸೆಟ್ಟಿಂಗ್ ನಿಜವಾಗಿ ಜಾರಿಯಲ್ಲಿದೆ ಎಂಬುದೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ಸುರಿಯುತ್ತದೆ. ನಾವು ಬರೆಯದೆ ಬಿಟ್ಟಿದ್ದಕ್ಕೂ ಅದು ತಾನಾಗಿ ಇಟ್ಟುಕೊಂಡ ಬೆಲೆ ಅಲ್ಲಿರುತ್ತದೆ. ಕೊನೆಯ ಸಾಲಿನಲ್ಲಿ ಮುಖ್ಯ ನಿಯಂತ್ರಕ (ಸ್ಲರ್ಮ್ ಅನ್ನು ನಡೆಸುವ ಪ್ರೋಗ್ರಾಂ) ‘ಅಪ್’ ಇದೆಯೋ ಇಲ್ಲವೋ ಎಂಬ ಸುದ್ದಿ. ಬೆಳಗ್ಗೆ ಕಚೇರಿಗೆ ಬಂದವನು ಚಹಾಕ್ಕೆ ಮೊದಲು ನೋಡುವುದು ಆ ಸಾಲನ್ನು.

ನೋಡುವುದು ಸುಲಭ. ಬದಲಾಯಿಸುವುದು ಅದಕ್ಕಿಂತಲೂ ಸುಲಭ. ಪಜೀತಿ ಶುರುವಾಗುವುದೂ ಅಲ್ಲೇ.

ನಮ್ಮಲ್ಲಿ ಒಂದು ಜಾಬ್‌ಗೆ ಒಂದು ದಿನದ ಮಿತಿ. ಪ್ರಬಂಧ ಸಲ್ಲಿಸುವ ಗಡುವಿಗೆ ಸಿಕ್ಕಿಕೊಂಡ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದು, ‘ಸರ್, ಮೂರು ದಿನ ಓಡಿಸಲು ಬಿಡಿ’ ಎಂದಳು. ‘ಎಸ್‌ಕಂಟ್ರೋಲ್ ಅಪ್‌ಡೇಟ್’ ಬರೆದು, ಪಾರ್ಟಿಷನ್ (ತನ್ನದೇ ಮಿತಿಗಳಿರುವ ನೋಡ್‌ಗಳ ಗುಂಪು) ಹೆಸರು ಕೊಟ್ಟು, ಮ್ಯಾಕ್ಸ್‌ಟೈಮ್ ಎಂಬಲ್ಲಿ 72 ಎಂದು ಹಾಕಿದೆ. ನನ್ನ ಲೆಕ್ಕದಲ್ಲಿ ಅದು ಎಪ್ಪತ್ತೆರಡು ಗಂಟೆ. ಸ್ಲರ್ಮ್ ಲೆಕ್ಕದಲ್ಲಿ ಬರೀ ಸಂಖ್ಯೆ ಎಂದರೆ ನಿಮಿಷ! ಕಮಾಂಡ್ ತುಟಿಪಿಟಕ್ಕೆನ್ನದೆ ಮುಗಿಯಿತು, ಏಕೆಂದರೆ ಯಶಸ್ವಿಯಾದ ಅಪ್‌ಡೇಟ್ ಏನನ್ನೂ ಹೇಳುವುದಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಸರದಿಯ ಪಟ್ಟಿಯ ತುಂಬ ‘ಪಾರ್ಟಿಷನ್ ಟೈಮ್ ಲಿಮಿಟ್’ ಎಂಬ ಕಾರಣ ಹೊತ್ತು ಕುಳಿತ ಜಾಬ್‌ಗಳು. ಮೂರು ದಿನ ಎಂದು ತಿಳಿಸಲು 3-00:00:00 ಎಂದು ಬರೆಯಬೇಕಿತ್ತು, ಹಾಗೇ ತಿದ್ದಿದೆ. ಅದನ್ನು ಆಮೇಲೆ ಮರೆತಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರದ ನಂತರ ಒಂದು ಶನಿವಾರ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಸರ್ವರ್ ಮತ್ತೆ ಎದ್ದಾಗ ಮಿತಿ ಪುನಃ ಒಂದೇ ದಿನ! ಆ ಹುಡುಗಿಯ ಉಳಿದ ಜಾಬ್‌ಗಳು ಸೋಮವಾರದವರೆಗೆ ಅಲ್ಲಾಡಲಿಲ್ಲ. ತಪ್ಪು ನನ್ನದೇ. ಅಪ್‌ಡೇಟ್ ಕಮಾಂಡ್ ಮಾಡುವ ಬದಲಾವಣೆ ಓಡುತ್ತಿರುವ ನಿಯಂತ್ರಕದ ನೆನಪಿನಲ್ಲಿ ಮಾತ್ರ ಇರುತ್ತದೆ. ಸ್ಲರ್ಮ್ ಡಾಟ್ ಕಾನ್ಫ್ ಎಂಬ ಸೆಟ್ಟಿಂಗ್ ಕಡತವನ್ನು ಅದು ಮುಟ್ಟುವುದೇ ಇಲ್ಲ. ಸಾಧಾರಣ ಮರುಚಾಲನೆಯಲ್ಲಿ ಜಾಬ್‌ಗಳು ಉಳಿಯುತ್ತವೆ, ಕೆಟ್ಟು ಬದಿಗಿಟ್ಟ ನೋಡ್‌ಗಳ ಸ್ಥಿತಿ ಉಳಿಯುತ್ತದೆ. ಪಾರ್ಟಿಷನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದೆಲ್ಲ ನೀರಿನ ಮೇಲಿನ ಬರಹ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ, ಓದಿದವರು ಯಾರು?

ಇದೇ ಕುಟುಂಬದ ಇನ್ನೊಂದು ಕಮಾಂಡ್ ಸ್ಯಾಕ್ಟ್‌ಮ್ಯಾನೇಜರ್. ಬಳಕೆದಾರರು, ಖಾತೆಗಳು, ಯಾರಿಗೆ ಎಷ್ಟು ಪಾಲು ಎಂಬುದೆಲ್ಲ ಅದರ ಸುಪರ್ದಿ. ಸ್ವಭಾವ ಪೂರಾ ತದ್ವಿರುದ್ಧ. ಇದರಲ್ಲಿ ಬರೆದದ್ದು ನೇರ ಡೇಟಾಬೇಸಿಗೆ ಹೋಗಿ ಶಾಶ್ವತವಾಗುತ್ತದೆ. ಅದಕ್ಕೇ ಇರಬೇಕು, ಪ್ರತಿ ಬದಲಾವಣೆಗೂ ‘ಖಚಿತವೇ? ತೀರ್ಮಾನಿಸಲು 30 ಸೆಕೆಂಡ್ ಇದೆ’ ಎಂದು ಕೇಳುತ್ತದೆ. ಉತ್ತರಿಸದಿದ್ದರೆ ಬದಲಾವಣೆಯನ್ನು ಕೈಬಿಡುತ್ತದೆ. ಒಮ್ಮೆ ಹೊಸ ವಿದ್ಯಾರ್ಥಿಯನ್ನು ಸೇರಿಸುವಾಗಲೇ ಫೋನ್ ಬಂತು, ಮಾತಾಡುತ್ತಾ ಕಾರಿಡಾರಿಗೆ ನಡೆದೆ. ಮರುದಿನ ಆ ಹುಡುಗ, ‘ಖಾತೆ ಅಮಾನ್ಯ ಎನ್ನುತ್ತದೆ ಸರ್’ ಎಂದು ಬಾಗಿಲಲ್ಲಿ ನಿಂತಿದ್ದ. ಸ್ಕ್ರಿಪ್ಟ್‌ನಲ್ಲಿ ಬಳಸುವಾಗ ‘-ಐ’ ಎಂದು ಸೇರಿಸಿದರೆ ಪ್ರಶ್ನೆ ಬರುವುದಿಲ್ಲ. ಕೈಯಿಂದ ಮಾಡುವಾಗ ನಾನು ಅದನ್ನು ಸೇರಿಸುವುದಿಲ್ಲ. ಆ ಮೂವತ್ತು ಸೆಕೆಂಡ್ ಎರಡು ಬಾರಿ ನನ್ನ ಮಾನ ಉಳಿಸಿದೆ.

ಒಂದೇ ತಂತ್ರಾಂಶದ ಎರಡು ಕಮಾಂಡ್‌ಗಳಲ್ಲಿ ಹೀಗೇಕೆ? ಮರೆತುಹೋಗುವ ಬದಲಾವಣೆ ಮಾಡುವುದು ಏನೂ ಕೇಳುವುದಿಲ್ಲ, ಉಳಿಯುವ ಬದಲಾವಣೆ ಮಾಡುವುದು ಅಜ್ಜಿಯಂತೆ ಎರಡೆರಡು ಸಲ ಕೇಳುತ್ತದೆ. ತರ್ಕ ಅರ್ಥವಾಗುತ್ತದೆ, ಆದರೂ ಹೊಸಬರಿಗೆ ಕಲಿಸುವಾಗ ಇದನ್ನು ವಿವರಿಸುವುದಕ್ಕೇ ಅರ್ಧ ದಿನ ಬೇಕು.

ನನಗೆ ಅತಿ ಇಷ್ಟವಾದ ನಿಯಮ ಬೇರೆಯೇ ಇದೆ. ಒಂದು ನೋಡನ್ನು ದುರಸ್ತಿಗೆಂದು ಡ್ರೇನ್ ಸ್ಥಿತಿಗೆ (ಹೊಸ ಜಾಬ್ ತೆಗೆದುಕೊಳ್ಳದ ಸ್ಥಿತಿ) ತರಬೇಕಾದರೆ ಕಾರಣ ಬರೆಯಲೇಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ. ‘ಎಸ್‌ಇನ್‌ಫೋ -ಆರ್’ ಎಂದರೆ ಯಾರು, ಯಾವಾಗ, ಏಕೆ ಎಂಬುದೆಲ್ಲ ಸಿಗುತ್ತದೆ. ನಮ್ಮಲ್ಲಿ ಏಳನೇ ನೋಡ್‌ಗೆ ‘ಫ್ಯಾನ್ ಸದ್ದು’ ಎಂಬ ಕಾರಣ ನಾಲ್ಕು ತಿಂಗಳು ಇತ್ತು. ಇನ್ನೊಂದಕ್ಕೆ ಸಹೋದ್ಯೋಗಿಯೊಬ್ಬರು ‘ನೋಡೋಣ’ ಎಂದಷ್ಟೇ ಬರೆದಿದ್ದರು. ತಂತ್ರಾಂಶ ಅದನ್ನೂ ಒಪ್ಪಿಕೊಂಡಿತು ಎನ್ನುವುದು ನನ್ನ ಸಣ್ಣ ತಕರಾರು.

ಕಡತ ತಿದ್ದಿ, ಅದನ್ನು ಮತ್ತೆ ಓದಿಕೋ ಎನ್ನುವ ‘ರೀಕಾನ್ಫಿಗರ್’ ಕಮಾಂಡ್ ಕೊಡುವುದು ಹಿಂದೆ ಎದೆ ಢವಗುಟ್ಟಿಸುವ ಕೆಲಸವಾಗಿತ್ತು. ಎಲ್ಲೋ ಒಂದು ಅಕ್ಷರ ತಪ್ಪಿದರೆ ನಿಯಂತ್ರಕವೇ ಮಲಗುವ ಸಾಧ್ಯತೆ ಇತ್ತು. 23.11ನೇ ಆವೃತ್ತಿಯಿಂದ ಅದನ್ನು ಸರಿಪಡಿಸಿದ್ದಾರೆ: ತಪ್ಪಿದ್ದರೆ ದೋಷ ತೋರಿಸಿ, ಹಳೆಯ ಸೆಟ್ಟಿಂಗ್‌ನಲ್ಲೇ ಮುಂದುವರಿಯುತ್ತದೆ. ಆರು ವರ್ಷದಲ್ಲಿ ಕಂಡ ಅತಿ ದೊಡ್ಡ ಸುಧಾರಣೆ ಇದೇ. ಎಲ್ಲ ನೋಡ್‌ಗಳಿಗೂ ಕಡತವನ್ನು ನಕಲು ಮಾಡುವ ರಗಳೆಯೂ ಕಾನ್ಫಿಗ್‌ಲೆಸ್ ವ್ಯವಸ್ಥೆಯಿಂದ ತಪ್ಪಿದೆ, 20.02ರಿಂದಲೇ ಇದ್ದ ಅದನ್ನು ನಾವು ಹಾಕಿಕೊಂಡದ್ದು ತಡವಾಗಿ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ವರ್ಷದಿಂದ ಕಡತವನ್ನು ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಇಟ್ಟಿದ್ದೇನೆ. ಪ್ರತಿ ರಾತ್ರಿ ಒಂದು ಸಣ್ಣ ಸ್ಕ್ರಿಪ್ಟ್ ಪಾರ್ಟಿಷನ್‌ಗಳ ಜಾರಿಯಲ್ಲಿರುವ ಮಿತಿಗಳನ್ನು ಕಡತದೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಮೇಲ್ ಕಳಿಸುತ್ತದೆ. ಅದನ್ನು ಓಡಿಸುವುದು ಸ್ಲರ್ಮ್ ಅಲ್ಲ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಹಳೆಯ ಕ್ರಾನ್. ಮೊನ್ನೆ ಬೆಳಗ್ಗೆ ಮೇಲ್ ಬಂದಿತ್ತು: ಕಡತದಲ್ಲಿ ಒಂದು ದಿನ, ಜಾರಿಯಲ್ಲಿ ಎರಡು. ಯಾರಪ್ಪ ಬದಲಾಯಿಸಿದವರು ಎಂದು ನನ್ನ ಟರ್ಮಿನಲ್‌ನ ಹಿಸ್ಟರಿ ತೆಗೆದು ನೋಡಿದೆ. ಶುಕ್ರವಾರ ಸಂಜೆ ಐದೂಮುಕ್ಕಾಲಕ್ಕೆ, ಮನೆಗೆ ಹೊರಡುವ ಅವಸರದಲ್ಲಿ, ನಾನೇ.