ತಮ್ಮನ ಹೆಸರಿನ ಪಾಸ್‌ಬುಕ್: ಖಾತೆಗೆ ನಾಲ್ಕು ನಕ್ಷತ್ರ, ನಮ್ಮ ಅಕ್ಕೋರಿಗೆ ಐದು

ನಕ್ಷತ್ರದ ಲೆಕ್ಕ ಮೊದಲೇ ಹೇಳಿಬಿಡ್ತೇನೆ. ಖಾತೆಗೆ ಐದರಲ್ಲಿ ನಾಲ್ಕು. ಅದನ್ನು ತೆರೆದ ಬ್ಯಾಂಕ್ ಶಾಖೆಗೆ ಎರಡು, ಅದೂ ಕ್ಯಾಶ್ ಕೌಂಟರಿನ ಹುಡುಗನ ಮುಖ ನೋಡಿ. ನಮ್ಮ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತೆಗೆ ಐದಕ್ಕೆ ಐದು.

ನಮ್ಮದು ಅಂಕೋಲಾ ಹತ್ತಿರದ ಹಳ್ಳಿ, ನನ್ನದು ಹೊಲಿಗೆ ಅಂಗಡಿ. ತಮ್ಮನಿಗೆ ಮೂವತ್ನಾಲ್ಕು. ಬುದ್ಧಿ ಬೆಳವಣಿಗೆಯ ತೊಂದರೆ, ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯಲ್ಲಿ, ಶೇಕಡಾ 60 ಎಂದಿದೆ. ಬಂಗುಡೆ ತಾಜಾ ಹೌದೋ ಅಲ್ಲವೋ ನನಗಿಂತ ಚೆನ್ನಾಗಿ ಹೇಳ್ತಾನೆ, ಆದರೆ ನೂರರ ನೋಟೂ ಐನೂರರ ನೋಟೂ ಅವನಿಗೆ ಒಂದೇ. ಅವನ ಅಂಗವಿಕಲರ ಪಿಂಚಣಿ ನಮ್ಮ ಆಯಿಯ, ಅಂದರೆ ಅಮ್ಮನ, ಜೊತೆಗಿನ ಜಂಟಿ ಖಾತೆಗೆ ಬರ್ತಿತ್ತು. ಆಯಿಗೆ ಈಗ ಕೈ ನಡುಕ. ಮುಂದೆ ಸಹಿ ಯಾರದ್ದು?

ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೊಬ್ಬರು ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಗೌರವಧನದ ಮೇಲೆ ದುಡಿಯುವವರು, ತಾವೂ ಅಂಗವಿಕಲರೇ. ನಮ್ಮವರಿಗೆ ಎಡಗಾಲು ಪೋಲಿಯೊ, ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರು. ಊರಲ್ಲಿ ಎಲ್ಲರೂ ಅಕ್ಕೋರೇ ಅಂತಾರೆ, ಶಾಲೆ ಕಲಿಸಿದವರಲ್ಲದಿದ್ದರೂ. ಜಗಲಿಯ ಮೇಲೆ ಕೂತು ಮನೆಯ ಕಾಗದ ಪತ್ರ ಎಲ್ಲ ಹರಡಿಸಿದರು. ಯಾವ ಬ್ಯಾಂಕು, ಎಷ್ಟು ಬಡ್ಡಿ ಎಂಬ ಮಾತೇ ಇಲ್ಲ. "ದುಡ್ಡು ಎಲ್ಲಿಂದ ಬರ್ತದೆ, ಯಾರು ತೆಗೀತಾರೆ, ಆಯಿ ಮಲಗಿದ ದಿನ ಯಾರು ತೆಗೀತಾರೆ?" ಇಷ್ಟೇ ಕೇಳಿದ್ದು.

ಹದಿನೆಂಟು ದಾಟಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನು ಪೋಷಕರಲ್ಲ. ಬೌದ್ಧಿಕ ಅಂಗವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವಿಕಲತೆ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿಯಿದೆ. ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯೇ ಪೋಷಕರನ್ನು ನೇಮಿಸುತ್ತದೆ, ಕೋರ್ಟಿಗೆ ಹೋಗಬೇಕಿಲ್ಲ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಅದರಲ್ಲಿ ಇರ್ತಾರೆ. ಆಯಿ ಒಪ್ಪಿ ನನ್ನ ಹೆಸರು ಕೊಟ್ಟರು, ಕಾರವಾರಕ್ಕೆ ಓಡಾಡಿದ್ದಾಯಿತು. ಜವಾಬ್ದಾರಿ ಸಣ್ಣದಲ್ಲ. ಆರು ತಿಂಗಳೊಳಗೆ ತಮ್ಮನ ಆಸ್ತಿಪಾಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಅದಕ್ಕೇ ಅಕ್ಕೋರು ಒಂದು ವಹಿ ಇಡಿಸಿದ್ದಾರೆ. ಅವನ ಚಪ್ಪಲಿಯ ರಸೀದಿಯೂ ಅದರಲ್ಲಿದೆ.

ನನ್ನನ್ನು ಪೋಷಕಿಯೆಂದು ನೇಮಿಸಿದ ಸಮಿತಿಯ ಪ್ರಮಾಣಪತ್ರ ಹಿಡಿದು ಶಾಖೆಗೆ ಹೋದರೆ, "ಇದೆಲ್ಲ ಆಗೂದಿಲ್ಲ, ಕೋರ್ಟ್ ಆರ್ಡರ್ ತನ್ನಿ" ಅಂದರು. ಯಾವ ಶಾಖೆ ಅಂತ ಹೇಳುವುದಿಲ್ಲ, ನಾಳೆಯೂ ಅಲ್ಲಿಗೇ ಹೋಗಬೇಕು. ಸಮಿತಿ ಕೊಟ್ಟ ಪೋಷಕತ್ವದ ಪ್ರಮಾಣಪತ್ರದ ಮೇಲೆ ಖಾತೆ ತೆರೆಯಬಹುದು, ನಡೆಸಬಹುದು ಎಂದು ರಿಸರ್ವ್ ಬ್ಯಾಂಕು 2007ರಲ್ಲೇ ಹೇಳಿದೆ. ಅಕ್ಕೋರ ಚೀಲದಲ್ಲಿ ಆ ಸುತ್ತೋಲೆಯ ಪ್ರತಿ ಸದಾ ಇರ್ತದೆ, ಮಡಿಕೆಗೆ ಹರಿದು ಟೇಪು ಅಂಟಿಸಿದ್ದು. ಮ್ಯಾನೇಜರು ಓದಿದರು, ಎಲ್ಲಿಗೋ ಫೋನು ಮಾಡಿದರು, ಆಮೇಲೆ ಫಾರ್ಮು ಬಂತು. ಕುರ್ಚಿ ಕೊಟ್ಟದ್ದು ಮಾತ್ರ ಕ್ಯಾಶಿನ ಹುಡುಗ.

ಖಾತೆ ಮೂಲ ಉಳಿತಾಯ ಖಾತೆ, ಬ್ಯಾಂಕಿನವರು ಬೇಸಿಕ್ ಸೇವಿಂಗ್ಸ್ ಅನ್ನುವುದು. ಕನಿಷ್ಠ ಮೊತ್ತ ಇಡಬೇಕೆಂದಿಲ್ಲ, ಎಟಿಎಂ ಕಾರ್ಡು ಉಚಿತ, ತಿಂಗಳಿಗೆ ಕಡಿಮೆಯೆಂದರೂ ನಾಲ್ಕು ಸಲ ಶುಲ್ಕವಿಲ್ಲದೆ ತೆಗೆಯಬಹುದು. ಪಾಸ್‌ಬುಕ್ಕಿನಲ್ಲಿ ತಮ್ಮನ ಹೆಸರು, ಪೋಷಕಿಯೆಂದು ನನ್ನ ಸಹಿ. ನಮಗೆ ಇದು ಸಾಕು. ಅದೇ ಬ್ಯಾಂಕಿನಲ್ಲಿ ಅವನ ಹೆಸರಿಗೆ ಇನ್ನೊಂದು ಉಳಿತಾಯ ಖಾತೆ ಇರಕೂಡದು ಎಂಬ ನಿಯಮಕ್ಕೆ ಒಂದು ನಕ್ಷತ್ರ ಕಡಿಮೆ. ಮದುವೆ ಮನೆಯಲ್ಲಿ ಯಾರಾದರೂ ಕೈಗಿಟ್ಟ ದುಡ್ಡನ್ನು ಬೇರೆ ಇಡೋಣವೆಂದರೆ ಇನ್ನೊಂದು ಬ್ಯಾಂಕಿಗೆ ಹೋಗಬೇಕು. ಅಲ್ಲಿ ಎಚ್ಚರ: ಫಾರ್ಮಿನಲ್ಲಿ ಆಧಾರ್ ಜೋಡಣೆಗೆ ಒಪ್ಪಿಗೆಯ ಗುರುತು ಹಾಕಿದರೆ ಪಿಂಚಣಿ ಆ ಕಡೆ ತಿರುಗುತ್ತದೆ. ಸರ್ಕಾರದ ದುಡ್ಡು ಹೋಗುವುದು ಆಧಾರ್ ಕೊನೆಗೆ ಜೋಡಿಸಿದ ಬ್ಯಾಂಕಿಗೆ. ಪಿಂಚಣಿ ನಿಂತುಹೋಯ್ತೆಂದು ತಾಲೂಕು ಕಚೇರಿಗೆ ಅಲೆಯುವ ಎಷ್ಟೋ ಮನೆಗಳಲ್ಲಿ ನಡೆದಿರುವುದು ಇಷ್ಟೇ ಅಂತ ಅಕ್ಕೋರು.

ಯೋಜನೆ ಹಾಕುವುದರಲ್ಲಿ ಅವರ ನಿಜವಾದ ಬೆಲೆ ಕಂಡದ್ದು ಅಣ್ಣನ ವಿಷಯದಲ್ಲಿ. ಕೈಗಾದಲ್ಲಿ ಕೆಲಸ, ಸಂಸಾರ ಬೇರೆ, ಪಡಿತರ ಚೀಟಿ ಬೇರೆ. ಆದಾಯ ತೆರಿಗೆಯಲ್ಲಿ ಅಂಗವಿಕಲ ಆಶ್ರಿತರಿಗಾಗಿ ಇರುವ 80ಡಿಡಿ ಕಲಮಿನ ಕೆಳಗೆ ತಮ್ಮನನ್ನು ತೋರಿಸಿ 75,000 ರೂಪಾಯಿ ಕಳೆಯಬಹುದಂತೆ ಅಂತ ಹುಮ್ಮಸ್ಸಿನಲ್ಲಿ ಬಂದ. ಹಳೆಯ ತೆರಿಗೆ ಪದ್ಧತಿಯಲ್ಲಿ ಅದು ನಿಜವೇ, ಒಡಹುಟ್ಟಿದವರಿಗೂ ಸಲ್ಲುತ್ತದೆ. ಆದರೆ ತಮ್ಮ ಮುಖ್ಯವಾಗಿ ಅವನನ್ನೇ ಆಶ್ರಯಿಸಿರಬೇಕು. ಇತ್ತ ಪಿಂಚಣಿಗೆ ಕೊಟ್ಟದ್ದು ಆಯಿಯ ಆದಾಯ ಪ್ರಮಾಣಪತ್ರ, ಅಂದರೆ ತಮ್ಮ ಆಯಿಯ ಆಶ್ರಯದಲ್ಲಿದ್ದಾನೆ ಎಂಬ ಲೆಕ್ಕ; ಪಿಂಚಣಿಗೆ ಆದಾಯದ ಮಿತಿ ವರ್ಷಕ್ಕೆ 32,000. "ಎರಡೂ ಬದಿ ಎರಡು ತರ ಬರೆಯೂಕೆ ಬರೂದಿಲ್ಲ ತಮ್ಮಾ, ನಾಳೆ ಉತ್ತರ ಕೊಡೋದು ನೀವೇ" ಅಂತ ಅಕ್ಕೋರು ಅಣ್ಣನಿಗೆ ಅಂದರು. ಅಣ್ಣ ಮುಖ ದಪ್ಪ ಮಾಡಿಕೊಂಡು ಹೋದ. ಶೇಕಡಾ 40ರಿಂದ 75ರವರಿಗೆ ಸಿಗುವ ಪಿಂಚಣಿ ತಿಂಗಳಿಗೆ 800, ಅದರಲ್ಲಿ ಏನು ಬಂತು ಅಂತ ಅವನ ವಾದ. ಆಯಿಗೆ ಕೇಳಿ, ಏನು ಬಂತು ಅಂತ.

ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯನ್ನೂ ಅಕ್ಕೋರೇ ಮಾಡಿಸಿದರು. ವರ್ಷಕ್ಕೆ ಒಂದು ಲಕ್ಷದವರೆಗೆ, ವೈದ್ಯಕೀಯ ತಪಾಸಣೆ ಕೇಳುವುದಿಲ್ಲ, ವಯಸ್ಸಿನ ಮಿತಿಯಿಲ್ಲ. ದುಡ್ಡು ಮೊದಲು ನಾವು ಕೊಟ್ಟು ಆಮೇಲೆ ಬಿಲ್ಲು ಕಳಿಸಿ ಪಡೆಯಬೇಕು ಎಂಬುದು ನಮ್ಮಂಥವರಿಗೆ ಭಾರವೇ. ಯಾವ ತಿಂಗಳು ಸೇರಿದರೂ ವಿಮೆಯ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಹಾಗಾಗಿ ಫೆಬ್ರವರಿಯಲ್ಲಿ ಸೇರುವವರು ಸ್ವಲ್ಪ ಯೋಚಿಸಿ.

ಹಳ್ಳಿಯವರು ಪಂಚಾಯತಿಯಲ್ಲಿ ಕೇಳಿ. ಪಟ್ಟಣದವರಿಗೆ ಪುರಸಭೆ, ನಗರಸಭೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಯುಡಿಐಡಿ, ಆಧಾರ್, ಪಡಿತರ ಚೀಟಿ, ಹಳೆಯ ಪಾಸ್‌ಬುಕ್ಕು ಎಲ್ಲದರ ಎರಡೆರಡು ಜೆರಾಕ್ಸ್ ಹಿಡಿದು ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ನಮ್ಮ ಅಕ್ಕೋರು ಸಿಗೂದಿಲ್ಲ, ಸ್ಕೂಟರು ಹತ್ತಿ ಯಾರದ್ದೋ ಮನೆಗೆ ಹೋಗಿರ್ತಾರೆ.